ಹಳೆಯ ಕಾರಿನ ಕ್ಲಚ್ ಕೇಬಲ್: ಬದಲಿಸುವ ಮತ್ತು ಹೊಂದಿಸುವ ಕ್ರಮ

ಕ್ಲಚ್ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ಅದು ಮೊದಲು ಸ್ವಲ್ಪ ದೂರ ಹಗುರವಾಗಿ ಇಳಿದು, ಆಮೇಲೆ ಬಿಗಿಯಾಗುತ್ತದೆ. ಮೆಕ್ಯಾನಿಕ್‌ಗಳು ಫ್ರೀ ಪ್ಲೇ, ಅಥವಾ ಬರಿಯ ಪ್ಲೇ ಎಂದು ಕರೆಯುವ ಈ ಸಡಿಲು ಎಷ್ಟಿದೆ, ಇತ್ತೀಚೆಗೆ ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದನ್ನು ಗಮನಿಸದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಸರಿಯಲ್ಲ. ಕೇಬಲ್ ಬದಲಿಸಬೇಕೇ, ಹೊಂದಿಸಿದರೆ ಸಾಕೇ, ಅಥವಾ ದೋಷ ಇಂಜಿನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿನಲ್ಲೇ ಇದೆಯೇ ಎಂಬುದಕ್ಕೆ ಮೊದಲ ಸುಳಿವು ಸಿಗುವುದು ಅಲ್ಲಿಯೇ.

ಪೆಡಲ್ ತುಳಿದಾಗ ಹೊರಕವಚದೊಳಗಿನ ಉಕ್ಕಿನ ತಂತಿ ಗೇರ್‌ಬಾಕ್ಸ್ ಮೇಲಿನ ಲಿವರನ್ನು ಎಳೆಯುತ್ತದೆ. ಲಿವರಿಗೆ ಸೇರಿದ ಫೋರ್ಕ್ ರಿಲೀಸ್ ಬೇರಿಂಗನ್ನು, ಕ್ಲಚ್ ಪ್ಲೇಟನ್ನು ಅದುಮಿ ಹಿಡಿದಿರುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳ ಮೇಲೆ ಒತ್ತುತ್ತದೆ. ಆಗ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಕ್ಲಚ್ ಪ್ಲೇಟ್ ಸವೆದು ತೆಳುವಾದಂತೆಲ್ಲ ಆ ಬೆರಳುಗಳ ತುದಿಗಳು ಬೇರಿಂಗಿನ ಕಡೆಗೆ ಸರಿಯುವುದರಿಂದ ಪ್ಲೇ ಕಡಿಮೆಯಾಗುತ್ತ ಹೋಗುತ್ತದೆ. ತಂತಿ ಹಿಗ್ಗಿದರೆ, ಅದರ ಎಳೆಗಳು ಒಂದೊಂದಾಗಿ ಕಡಿದರೆ, ಅಥವಾ ಹೊರಕವಚದ ತುದಿಗಳು ಕುಸಿದರೆ ಇದಕ್ಕೆ ವಿರುದ್ಧವಾಗಿ ಪ್ಲೇ ಹೆಚ್ಚುತ್ತದೆ. ಆದ್ದರಿಂದ ಎಷ್ಟು ಸಲ ಸಡಿಲಿಸಿದರೂ ಪ್ಲೇ ಮತ್ತೆ ಮತ್ತೆ ಮಾಯವಾಗುತ್ತಿದ್ದರೆ ಕೇಬಲಿಗೆ ಹಣ ಸುರಿಯುವುದು ವ್ಯರ್ಥ. ಪ್ಲೇಟಿನ ಆಯಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು. ಎಷ್ಟು ಬಿಗಿ ಮಾಡಿದರೂ ಕೆಲವೇ ದಿನಗಳಲ್ಲಿ ಪ್ಲೇ ಬೆಳೆಯುತ್ತಿದ್ದರೆ ಅನುಮಾನ ಕೇಬಲಿನ ಮೇಲೆಯೇ.

ಪೆಡಲ್ ದಿನೇ ದಿನೇ ಗಟ್ಟಿಯಾಗುವುದು, ತುಳಿಯುವಾಗ ತಡೆತಡೆದು ಇಳಿಯುವುದು, ಕರಕರ ಸದ್ದು ಬರುವುದು, ರಿವರ್ಸ್ ಗೇರ್ ಹಾಕುವಾಗ ಹಲ್ಲುಗಳು ಉಜ್ಜುವುದು ಇವೂ ಕೇಬಲ್ ಹಳತಾದ ಲಕ್ಷಣಗಳು. ಬಾನೆಟ್ ತೆರೆದು, ತಂತಿ ಕವಚದಿಂದ ಹೊರಬರುವ ಜಾಗವನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಒಂದೇ ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದಿದ್ದರೂ ಹೊಂದಾಣಿಕೆಯ ಮಾತು ಬಿಟ್ಟು ಕೇಬಲ್ ಬದಲಿಸುವುದೇ ಸರಿ, ಏಕೆಂದರೆ ಉಳಿದ ಎಳೆಗಳು ಯಾವಾಗ ಕೈಕೊಡುತ್ತವೆ ಎಂದು ಹೇಳಲಾಗದು. ಲಿವರಿನ ಜಾಗದಲ್ಲಿ ತಂತಿಯ ಬದಲು ಎಣ್ಣೆಯ ಪೈಪ್ ಮತ್ತು ಸಿಲಿಂಡರ್ ಕಂಡರೆ ಆ ಕಾರಿನದು ಹೈಡ್ರಾಲಿಕ್ ಕ್ಲಚ್. ಈ ಬರಹ ಅದಕ್ಕೆ ಅನ್ವಯಿಸುವುದಿಲ್ಲ.

ಹೊಸ ಕೇಬಲ್ ಕೊಳ್ಳುವಾಗ ಕಾರಿನ ಮಾದರಿಯ ಹೆಸರೊಂದನ್ನೇ ನಂಬಬಾರದು. ಒಂದೇ ಮಾದರಿಯಲ್ಲಿ ಇಂಜಿನ್, ತಯಾರಿಕೆಯ ವರ್ಷ, ಸ್ಟಿಯರಿಂಗ್ ಇರುವ ಬದಿ ಇವುಗಳಿಗೆ ತಕ್ಕಂತೆ ಕೇಬಲಿನ ಉದ್ದ ಬೇರೆಯಾಗಬಹುದು. ಹಳೆಯದನ್ನು ಬಿಚ್ಚಿದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೊರಕವಚದ ಉದ್ದ, ಹೊರಗೆ ಕಾಣುವ ತಂತಿಯ ಉದ್ದ, ಎರಡು ತುದಿಗಳ ಆಕಾರ, ನಟ್ ಕೂರುವ ಮರೆಯ (ತಿರುಪಿನ ಸುರುಳಿ ಗೆರೆಗಳಿರುವ ಭಾಗದ) ದಪ್ಪ ಎಲ್ಲವನ್ನೂ ಹೋಲಿಸಬೇಕು. ಒಟ್ಟು ಉದ್ದ ಸರಿಯಿದ್ದರೂ ಕವಚ ಕೊಂಚ ಗಿಡ್ಡವಾಗಿದ್ದರೆ ಹೊಂದಾಣಿಕೆಯ ನಟ್ ಎಷ್ಟು ತಿರುಗಿಸಿದರೂ ಸಾಲದೆ ಹೋಗುತ್ತದೆ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಇಂಜಿನ್ ಪೂರ್ತಿ ತಣಿಯಲು ಬಿಡಬೇಕು. ಲಿವರ್ ಹಲವು ಕಾರುಗಳಲ್ಲಿ ಸ್ಟಾರ್ಟರ್ ಮೋಟಾರಿಗೆ ಹತ್ತಿರದಲ್ಲೇ ಇರುವುದರಿಂದ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಡುವುದು ಕ್ಷೇಮ. ಕೆಳಗಿನಿಂದ ಕೆಲಸ ಮಾಡಬೇಕಾಗಿ ಬಂದರೆ ಕಾರನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿಯೇ ಒಳಗೆ ಹೋಗಬೇಕು; ಬರಿಯ ಜಾಕ್ ನಂಬಿ ಕಾರಿನಡಿ ಮಲಗುವುದು ಜೀವದ ಜೊತೆ ಆಟವಾಡಿದಂತೆ.

ಬಿಚ್ಚುವ ಮೊದಲು ಕೇಬಲ್ ಯಾವ ಪೈಪಿನ ಹಿಂದೆ, ಯಾವ ಕ್ಲಿಪ್ಪಿನ ಮೂಲಕ ಸಾಗಿದೆ ಎಂಬುದರ ಒಂದೆರಡು ಫೋಟೊ ತೆಗೆದುಕೊಂಡು, ನಟ್‌ನಿಂದ ಹೊರಗೆ ಚಾಚಿರುವ ಮರೆಯ ಉದ್ದವನ್ನೂ ಅಳೆದಿಡಬೇಕು. ಹೊಂದಾಣಿಕೆಯ ನಟ್ ಅಲುಗದಂತೆ ಹಿಡಿದಿಡುವ ಲಾಕ್ ನಟ್ ಸಾಮಾನ್ಯವಾಗಿ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು, ತಂತಿ ತಿರುಚಿಕೊಳ್ಳದಂತೆ ಅದರ ತುದಿಯನ್ನು ಇಕ್ಕಳದಿಂದ ಹಿಡಿದು ನಟ್ ಸಡಿಲಿಸಬೇಕು. ಸಾಕಷ್ಟು ಸಡಿಲವಾದ ಮೇಲೆ ತಂತಿಯನ್ನು ಲಿವರಿನಿಂದ ಕಳಚಿ, ಕವಚವನ್ನು ಅದರ ಬ್ರಾಕೆಟ್ಟಿನಿಂದ ಬಿಡಿಸಬೇಕು. ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಪೆಡಲಿನ ಮೇಲ್ಭಾಗಕ್ಕೆ ಕೊಕ್ಕೆಯಿಂದಲೋ ಪಿನ್ನಿನಿಂದಲೋ ಸೇರಿರುತ್ತದೆ. ಕತ್ತು ತಿರುಚಿಕೊಂಡು ಮಾಡಬೇಕಾದ ಈ ಭಾಗವೇ ಇಡೀ ಕೆಲಸದಲ್ಲಿ ತಾಳ್ಮೆ ಕೇಳುವಂಥದು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ತುಸು ಅನುಕೂಲವಾಗುತ್ತದೆ. ಅದು ಬಿಟ್ಟ ಬಳಿಕ ಕೇಬಲನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಎಳೆದುಕೊಳ್ಳಬಹುದು.

ಕೇಬಲ್ ಹೊರಗಿರುವ ಈ ಹೊತ್ತನ್ನು ಹೆಚ್ಚಿನವರು ಸುಮ್ಮನೆ ಕಳೆದುಬಿಡುತ್ತಾರೆ. ನಿಜಕ್ಕೂ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಪೆಡಲನ್ನು ಕೈಯಿಂದ ಆಡಿಸಿದರೆ ಅದು ಹಗುರವಾಗಿ ಚಲಿಸಬೇಕು, ಅಡ್ಡಡ್ಡ ಅಲುಗಾಡಬಾರದು. ಅಲುಗಾಡಿದರೆ ಅದರ ಕೀಲಿನ ಒಳಬಳೆ, ಅಂದರೆ ಬುಷ್, ಸವೆದಿದೆ. ಗೇರ್‌ಬಾಕ್ಸ್ ಮೇಲಿನ ಲಿವರನ್ನು ಅದರ ಪ್ಲೇ ಇರುವಷ್ಟು ದೂರ ಬೆರಳಿನಿಂದ ಸರಿಸಿದರೆ ತಡೆಯಿಲ್ಲದೆ ಹೋಗಿ ಬರಬೇಕು. ಅದರ ದಂಡ ತುಕ್ಕಿನಿಂದ ಬಿಗಿದುಕೊಂಡಿದ್ದರೆ ಹೊಸ ಕೇಬಲ್ ಹಾಕಿದರೂ ಪೆಡಲ್ ಗಟ್ಟಿಯಾಗಿಯೇ ಉಳಿಯುತ್ತದೆ. ಬಿಚ್ಚಿದ ಹಳೆಯ ಕೇಬಲಿನ ತಂತಿಯನ್ನು ಕವಚದೊಳಗೆ ಎಳೆದಾಡಿ ನೋಡಿದಾಗ ಅದು ಸಲೀಸಾಗಿ ಜಾರಿದರೆ, ಪೆಡಲಿನ ಬಿಗಿತಕ್ಕೆ ಕಾರಣ ಬೇರೆಡೆ ಇದೆ ಎಂದೇ ಅರ್ಥ. ಕೇಬಲ್ ಹಾದುಹೋಗುವ ತಗಡಿನ ಗೋಡೆಯಲ್ಲಿ ರಂಧ್ರದ ಸುತ್ತ ಬಿರುಕು ಬಿಟ್ಟಿದೆಯೇ ಎಂದೂ ಪರೀಕ್ಷಿಸಬೇಕು, ಏಕೆಂದರೆ ಆ ಗೋಡೆ ಬಾಗಿದರೆ ಪಾದದ ಶ್ರಮವೆಲ್ಲ ತಗಡನ್ನು ಬಾಗಿಸುವುದರಲ್ಲೇ ಕಳೆದುಹೋಗಿ ಕ್ಲಚ್ ಅರ್ಧಕ್ಕೇ ಬಿಡುತ್ತದೆ.

ಹೊಸ ಕೇಬಲನ್ನು ಬಂದ ದಾರಿಯಲ್ಲೇ ಒಳಕ್ಕೆ ಸಾಗಿಸಿ, ಗೋಡೆಯ ರಂಧ್ರದಲ್ಲಿ ರಬ್ಬರ್ ಬುಷ್ ಸರಿಯಾಗಿ ಕೂರಿಸಿ, ಮೊದಲು ಪೆಡಲ್ ತುದಿಯನ್ನು ಸೇರಿಸಬೇಕು. ಕೊಕ್ಕೆ ಮತ್ತು ಪೆಡಲ್ ಉಜ್ಜುವ ಜಾಗಗಳಿಗೆ ಸ್ವಲ್ಪ ಗ್ರೀಸ್ ಹಚ್ಚಬೇಕು. ಕವಚದೊಳಗೆ ಮಾತ್ರ, ತಯಾರಕರು ಹೇಳಿರದಿದ್ದರೆ, ಗ್ರೀಸ್ ತುಂಬಬಾರದು. ಒಳಗೆ ಪ್ಲಾಸ್ಟಿಕ್ ಪದರವಿರುವ ಕೇಬಲ್‌ಗಳಲ್ಲಿ ಅದು ಧೂಳನ್ನು ಹಿಡಿದಿಟ್ಟು ಒಳಿತಿಗಿಂತ ಕೆಡುಕನ್ನೇ ಮಾಡಬಹುದು. ದಾರಿಯುದ್ದಕ್ಕೂ ತೀಕ್ಷ್ಣ ತಿರುವು ಇರಬಾರದು, ಸೈಲೆನ್ಸರ್ ಪೈಪಿನ ಬಿಸಿ ತಾಗಬಾರದು, ಸ್ಟಿಯರಿಂಗ್ ದಂಡಕ್ಕೆ ಉಜ್ಜಬಾರದು, ಮತ್ತು ಇಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಿದಾಗ ಕೇಬಲ್ ಜಗ್ಗದಷ್ಟು ಸಡಿಲು ಉಳಿದಿರಬೇಕು.

ಲಿವರಿಗೆ ಸೇರಿಸಿದ ಮೇಲೆ ಹೊಂದಾಣಿಕೆ. ನಟ್ ತಂತಿಯ ತುದಿಯ ಮರೆಯ ಮೇಲಿದ್ದರೆ ಅದನ್ನು ಬಿಗಿಯುತ್ತ ಹೋದಂತೆ ಪ್ಲೇ ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ಕೆಲವು ಕಾರುಗಳಲ್ಲಿ ನಟ್ ಹೊರಕವಚದ ತುದಿಯಲ್ಲಿದ್ದು, ಕವಚವನ್ನು ಉದ್ದವಾಗಿಸಿದಾಗ ಪ್ಲೇ ಕಡಿಮೆಯಾಗುತ್ತದೆ. ಅಳತೆಯನ್ನು ಪೆಡಲಿನ ಪಾದವಿಡುವ ತುದಿಯಲ್ಲಿ ಸ್ಕೇಲ್ ಹಿಡಿದು ಮಾಡಬೇಕು. ಹಲವು ಹಳೆಯ ಕಾರುಗಳಲ್ಲಿ ಇದು 15 ರಿಂದ 25 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಆದರೆ ಆಯಾ ಕಾರಿನ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ಲಿವರಿನ ತುದಿಯಲ್ಲಿ ಅಳೆದರೆ ಕೆಲವೇ ಮಿಲಿಮೀಟರ್ ಸಿಗುತ್ತದೆ. ಪೆಡಲಿನ ಉದ್ದ ಆ ಚಲನೆಯನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೆ. ಹೊಸ ಕೇಬಲಿನ ತುದಿಗಳು ತಮ್ಮ ಗೂಡುಗಳಲ್ಲಿ ಕೂರಬೇಕಾದ್ದರಿಂದ ಪೆಡಲನ್ನು ಪೂರ್ತಿಯಾಗಿ 20 ಸಲವಾದರೂ ತುಳಿದು, ಮತ್ತೊಮ್ಮೆ ಅಳೆದು, ಅಗತ್ಯವಿದ್ದರೆ ತಿದ್ದಿ, ಕೊನೆಗೆ ಲಾಕ್ ನಟ್ ಬಿಗಿಯಬೇಕು. ತಾನೇ ಹೊಂದಿಕೊಳ್ಳುವ ವ್ಯವಸ್ಥೆಯಿರುವ ಕಾರುಗಳಲ್ಲಿ ಹೀಗೆ ಪ್ಲೇ ಬಿಡುವ ಕ್ರಮವಿಲ್ಲ. ಅವುಗಳ ಕೈಪಿಡಿಯನ್ನೇ ಅನುಸರಿಸಬೇಕು.

ಪ್ಲೇ ಹೆಚ್ಚು ಬಿಟ್ಟರೆ ಕ್ಲಚ್ ಪೂರ್ತಿ ಬಿಡದೆ ಗೇರುಗಳು ಉಜ್ಜುತ್ತವೆ. ಅದು ಕಿವಿಗೆ ಕೇಳಿಸುವುದರಿಂದ ಕೂಡಲೇ ತಿದ್ದಿಕೊಳ್ಳಬಹುದು. ತೀರ ಕಡಿಮೆ ಬಿಟ್ಟರೆ ಆಗುವ ಹಾನಿ ಸದ್ದಿಲ್ಲದ್ದು: ಬೇರಿಂಗ್ ಸದಾ ಬೆರಳುಗಳಿಗೆ ಒತ್ತಿಕೊಂಡೇ ತಿರುಗಿ ಸವೆಯುತ್ತದೆ, ಪ್ಲೇಟ್ ಜಾರತೊಡಗಿ ಸುಟ್ಟ ವಾಸನೆ ಬರುತ್ತದೆ. ಪೆಡಲ್ ಬಿಗಿಯಾಗಿದ್ದರೆ ಚೆಂದ ಎಂಬ ಭಾವನೆಯಿಂದ ಪ್ಲೇ ತೆಗೆದುಬಿಡುವವರು ಇದನ್ನು ನೆನಪಿಡಬೇಕು.

ಬ್ಯಾಟರಿ ಜೋಡಿಸಿ, ಗೇರ್ ನ್ಯೂಟ್ರಲ್‌ನಲ್ಲಿರುವುದನ್ನು ಖಚಿತಪಡಿಸಿಕೊಂಡು ಇಂಜಿನ್ ಚಾಲೂ ಮಾಡಬೇಕು. ಪೆಡಲ್ ಪೂರ್ತಿ ತುಳಿದು, ಮೂರು ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಬೇಕು. ಅನೇಕ ಹಳೆಯ ಗೇರ್‌ಬಾಕ್ಸ್‌ಗಳ ರಿವರ್ಸ್‌ಗೆ ಸಿಂಕ್ರೊಮೆಶ್ (ಗೇರುಗಳು ಕೂಡುವ ಮೊದಲು ಅವುಗಳ ವೇಗ ಸರಿದೂಗಿಸುವ ವ್ಯವಸ್ಥೆ) ಇರುವುದಿಲ್ಲವಾದ್ದರಿಂದ ಕ್ಲಚ್ ಸ್ವಲ್ಪವೇ ಹಿಡಿದಿದ್ದರೂ ಅದು ಸದ್ದು ಮಾಡಿ ತಿಳಿಸುತ್ತದೆ. ಬಳಿಕ ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸಾಗುತ್ತ ಆಕ್ಸಿಲರೇಟರ್ ಒತ್ತಿದಾಗ, ಕಾರಿನ ವೇಗ ಏರದೆ ಇಂಜಿನಿನ ಸದ್ದು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಆಗ ಪ್ಲೇ ಮತ್ತೆ ಅಳೆಯಬೇಕು. ಅದು ಸರಿಯಿದ್ದೂ ಜಾರಿದರೆ ಪ್ಲೇಟ್ ಬದಲಿಸುವ ಕಾಲ ಬಂದಿದೆ. ಹೊಸ ಕೇಬಲ್ ಮೊದಲ ದಿನಗಳಲ್ಲಿ ಕೊಂಚ ಸಡಿಲಗೊಳ್ಳುವುದು ಸಹಜವಾದ್ದರಿಂದ ಒಂದೆರಡು ವಾರದ ಬಳಿಕ ಇನ್ನೊಮ್ಮೆ ಅಳೆಯಬೇಕು.

ಸರಿಯಾಗಿ ಹಾಕಿದ ಕೇಬಲ್ ಅಲ್ಪಕಾಲದಲ್ಲೇ ಬಿಗಿದುಕೊಂಡರೆ, ಅಥವಾ ಅದರ ಒಳಪದರ ಕರಗಿದಂತೆ ಕಂಡರೆ, ಇನ್ನೊಂದು ಕೇಬಲ್ ತರುವ ಮೊದಲು ಇಂಜಿನಿನಿಂದ ಕಾರಿನ ಲೋಹದ ಮೈಗೆ ಹೋಗುವ, ವಿದ್ಯುತ್ ಬ್ಯಾಟರಿಗೆ ಮರಳುವ ದಾರಿಯಾದ ಅರ್ಥ್ ಪಟ್ಟಿಯನ್ನು ನೋಡಬೇಕು. ಆ ಪಟ್ಟಿ ಕಡಿದಿದ್ದರೆ ಅಥವಾ ಅದರ ತುದಿಗಳು ತುಕ್ಕು ಹಿಡಿದಿದ್ದರೆ, ಸ್ಟಾರ್ಟರ್ ಎಳೆಯುವ ಭಾರಿ ವಿದ್ಯುತ್ ಕ್ಲಚ್ ಕೇಬಲಿನ ಉಕ್ಕಿನ ತಂತಿಯ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುತ್ತದೆ. ಪಟ್ಟಿಯ ಎರಡೂ ತುದಿಗಳನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿದ ನಂತರವೇ ಹೊಸ ಕೇಬಲ್ ಹಾಕಬೇಕು.