ಬಸ್ಸಿನಲ್ಲಿ ಹಸಿದ ಕೋಶಗಳು

ಶಿವಮೊಗ್ಗದಲ್ಲಿ ಕುಳಿತು ಕರುಳಿನ ಟ್ರೆಗ್‌ ಕೋಶಗಳ ಆಟೋಫಜಿ ಅಳೆಯುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಟ್ರೆಗ್ ಎಂದರೆ ರೋಗನಿರೋಧಕ ಪಡೆಯ ಅತಿರೇಕಕ್ಕೆ ಕಡಿವಾಣ ಹಾಕುವ ಟಿ ಕೋಶ; ಆಟೋಫಜಿ ಎಂದರೆ ಕೋಶ ತನ್ನದೇ ಭಾಗಗಳನ್ನು ತಿಂದುಕೊಳ್ಳುವುದು. ‘ಕೋಶ ಅಳೆಯುವ ಯಂತ್ರ, ಫ್ಲೋ ಸೈಟೋಮೀಟರ್, ಇರುವುದು ಬೆಂಗಳೂರಿನಲ್ಲಿ, ನಿಮ್ಮ ಇಲಿ ಇರುವುದು ಇಲ್ಲಿ. ಮುನ್ನೂರು ಕಿಲೋಮೀಟರ್ ದಾಟುವಷ್ಟರಲ್ಲಿ ಕೋಶಗಳು ಗೊಬ್ಬರವಾಗಿರುತ್ತವೆ ಮಾರಾಯರೆ’ ಎಂದಿದ್ದರು ಹಿರಿಯರೊಬ್ಬರು. ಕೋಶಗಳು ಸಾಯಲಿಲ್ಲ. ಸಾಯದಿದ್ದದ್ದೇ ತೊಂದರೆಯಾಯಿತು. ಅದು ಅರ್ಥವಾಗಲು ಒಂದೂವರೆ ವರ್ಷ ಹಿಡಿಯಿತು, ಎರಡು ಲಕ್ಷ ರೂಪಾಯಿಯ ಆಸುಪಾಸು ಕರಗಿತು.

ಮೊದಲ ಆರು ಬಾರಿ ದೊಡ್ಡ ಕರುಳಿನಿಂದ ಕೋಶ ಬೇರ್ಪಡಿಸಿ, ಪಿಬಿಎಸ್ ಎಂಬ ಉಪ್ಪುನೀರಿನ ದ್ರಾವಣದಲ್ಲಿ ತೇಲಿಸಿ, ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ತುಂಬಿ ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ, ಆಟೋಫಜಿಯ ಕೊನೆಯ ಜೀರ್ಣ ಹಂತವನ್ನು ತಡೆಯುವ ಬಾಫಿಲೋಮೈಸಿನ್ ಹಾಕಿ, ಆ ತಡೆಯಿಂದ ಒಳಗೆ ಜಮೆಯಾಗುವ ಎಲ್‌ಸಿ3 ಪ್ರೋಟೀನಿಗೆ (ಹೆಚ್ಚು ಜಮೆಯಾದಷ್ಟೂ ಆಟೋಫಜಿ ಹೆಚ್ಚು) ಬಣ್ಣ ಕೊಟ್ಟು ನೋಡಿದರೆ ಟ್ರೆಗ್‌ಗಳು ಉರಿಯುತ್ತಿದ್ದವು. ಕುಣಿದಾಡಿದೆ. ಆಮೇಲೆ ಕರುಳಿಗೆ ಉರಿಯೂತ ತರಿಸುವ ಡಿಎಸ್‌ಎಸ್ ಕುಡಿಸಿದ ಇಲಿಯಲ್ಲೂ ಅಷ್ಟೇ, ಆರೋಗ್ಯವಂತ ಇಲಿಯಲ್ಲೂ ಅಷ್ಟೇ, ಕೊನೆಗೆ ಗುಲ್ಮದ ಕೋಶಗಳಲ್ಲೂ ಅಷ್ಟೇ ಎಂದು ಕಂಡಾಗ ಕುಣಿತ ನಿಂತಿತು. ಬಣ್ಣ ಅಂಟಿಸುವ ಆಂಟಿಬಾಡಿಯನ್ನು ಬೈದೆ, ಯಂತ್ರ ನಡೆಸುವವರನ್ನೂ ಬೈದೆ.

ಒಂದು ದಿನ ಪೆಟ್ಟಿಗೆ ತೆರೆದಾಗ ಐಸ್ ಪೂರ್ತಿ ನೀರಾಗಿತ್ತು. ತುಮಕೂರಿನ ಹೊತ್ತಿಗೇ ಕರಗಿರಬೇಕು. ಆಗ ಹೊಳೆಯಿತು: ಅಮೈನೋ ಆಮ್ಲದ ಒಂದು ಹನಿಯೂ ಇಲ್ಲದ ಪಿಬಿಎಸ್‌ನಲ್ಲಿ ರಾತ್ರಿಯಿಡೀ ಉಪವಾಸ ಹಾಕಿದರೆ ಯಾವ ಕೋಶ ತಾನೇ ತನ್ನನ್ನು ತಿಂದುಕೊಳ್ಳುವುದಿಲ್ಲ? ನಾನು ಅಳೆದದ್ದು ಕರುಳನ್ನಲ್ಲ, ಬಸ್ ಪ್ರಯಾಣವನ್ನು. ಖಾತ್ರಿಗಾಗಿ ಒಂದೇ ಇಲಿಯ ಕೋಶಗಳನ್ನು ಎರಡು ಪಾಲು ಮಾಡಿ, ಒಂದನ್ನು ಪಿಬಿಎಸ್‌ನಲ್ಲಿ, ಇನ್ನೊಂದನ್ನು ಸೀರಮ್ ಬೆರೆತ ಆರ್‌ಪಿಎಂಐ ಎಂಬ ಪೋಷಕ ದ್ರಾವಣದಲ್ಲಿ ನಾಲ್ಕು ಗಂಟೆ ಇಟ್ಟೆ. ಪಿಬಿಎಸ್‌ನ ಪಾಲಿನಲ್ಲಿ ಆಟೋಫಜಿ ಏರಿತು, ಇನ್ನೊಂದು ಅಲುಗಲಿಲ್ಲ.

ಅಲ್ಲಿಂದ ಕ್ರಮವನ್ನೇ ತಿರುಗಿಸಿದೆ. ಇಲಿಯನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು, ಏಕೆಂದರೆ ಇಲಿಯ ಊಟದ ವೇಳೆಯೂ ಲೆಕ್ಕಕ್ಕೆ ಬರುತ್ತದೆ. ಬಾಫಿಲೋಮೈಸಿನ್ 100 ನ್ಯಾನೋಮೋಲಾರ್, ಎರಡು ಗಂಟೆ. ಪಕ್ಕದಲ್ಲಿ ಅದಿಲ್ಲದ ಟ್ಯೂಬ್. ನಂತರ ಟಿ ಕೋಶಗಳ ಗುರುತುಗಳಾದ ಸಿಡಿ4, ಸಿಡಿ25, ಜೊತೆಗೆ ಸತ್ತ ಕೋಶವನ್ನು ತೋರಿಸುವ ಬಣ್ಣ. ಕೋಶದ ಪೊರೆಗೆ ತೂತು ಕೊರೆಯುವ ಡಿಜಿಟೋನಿನ್‌ನಿಂದ, ಒಳಗೆ ಕರಗಿರುವ ಎಲ್‌ಸಿ3ಯನ್ನು ತೊಳೆದು ಶಿವಮೊಗ್ಗದಲ್ಲೇ ಫಿಕ್ಸ್ (ಇದ್ದಂತೆಯೇ ಗಟ್ಟಿ) ಮಾಡುವುದು. ಎಲ್‌ಸಿ3 ಮತ್ತು ಟ್ರೆಗ್‌ನ ಗುರುತಾದ ಫಾಕ್ಸ್‌ಪಿ3 ಒಳಬಣ್ಣ ಆ ಮೇಲೆ. ಬಸ್ ಹತ್ತುವ ಹೊತ್ತಿಗೆ ಕೋಶಗಳಿಗೆ ಹಸಿಯಲು ಜೀವವೇ ಇರುವುದಿಲ್ಲ. ಡಿಜಿಟೋನಿನ್ ಪ್ರಮಾಣ ಮಾತ್ರ ಇಲ್ಲಿ ಬರೆಯುವುದಿಲ್ಲ. ಕರುಳನ್ನು ಬಿಡಿಬಿಡಿ ಕೋಶಗಳಾಗಿಸುವ ಕೊಲಾಜಿನೇಸ್ ಕಿಣ್ವದಲ್ಲಿ ಎಷ್ಟು ಹೊತ್ತು ಎಂಬುದೂ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಬಾಫಿಲೋಮೈಸಿನ್‌ನ ಒಂದು ಚಿಕ್ಕ ಸೀಸೆಗೆ ಹದಿನೆಂಟು ಸಾವಿರದ ಹತ್ತಿರ ಕೊಟ್ಟ ನೆನಪು. ಆಷಾಢದ ಮಳೆಗೆ ಎರಡು ದಿನ ಕರೆಂಟ್ ಹೋಗಿ ಫ್ರೀಜರ್‌ನಲ್ಲೇ ಒಂದು ಸೀಸೆ ಹಾಳಾಯಿತು, ಎಲ್‌ಸಿ3 ಆಂಟಿಬಾಡಿಯೂ ಅದರ ಜೊತೆಗೆ ಹೋಯಿತು. ಅದು ನಲವತ್ತು ಸಾವಿರದ ಮಾಲು. ಕರೆಂಟ್ ಹೋಗಿ ಟ್ಯೂಬ್ ಅಲುಗಾಡಿಸುವ ಶೇಕರ್ ನಡುವೆ ನಿಂತು ಕರುಳು ಲೋಳೆಯಾದದ್ದು ಮೂರು ಸಲ. ಕೊನೆಗೆ ಆ ವರ್ಷದ ಅಡಿಕೆ ದುಡ್ಡಿನಲ್ಲಿ ಯುಪಿಎಸ್ ಕೊಂಡೆ. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತನಾಡಲಿಲ್ಲ.

ನಡುವೆ ಒಂದು ಹುಚ್ಚು. ನಾರಿನಿಂದ ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಬ್ಯುಟಿರೇಟ್ ಟ್ರೆಗ್‌ಗಳನ್ನು ಹೆಚ್ಚಿಸುತ್ತದೆ ಎಂಬುದು 2013ರಲ್ಲೇ ಬಂದ ಮಾತು. ಅದನ್ನೇ ನೀರಿಗೆ ಹಾಕಿದರೆ ವಾಸನೆಗೆ ಇಲಿಗಳು ಮುಟ್ಟಲಿಲ್ಲ. ಬದಲಿಗೆ ನಾರಿಗೆಂದು ಹಲಸಿನ ಬೀಜ ಬೇಯಿಸಿ, ಒಣಗಿಸಿ, ಪುಡಿ ಮಾಡಿ ಆಹಾರಕ್ಕೆ ಬೆರೆಸಿದೆ. ಮುಗಿಬಿದ್ದು ತಿಂದವು, ದಪ್ಪಗಾದವು, ಟ್ರೆಗ್ ಸಂಖ್ಯೆ ಸ್ವಲ್ಪ ಏರಿದಂತೆ ಕಂಡಿತು. ಮೂರೇ ಇಲಿ, ಅದರ ಮೇಲೆ ಯಾರೂ ಏನನ್ನೂ ಕಟ್ಟಬಾರದು.

ಈಗ ಸತತ ಒಂಬತ್ತು ಬಾರಿ ಒಂದೇ ಉತ್ತರ ಬಂದಿದೆ. ಬಾಫಿಲೋಮೈಸಿನ್‌ನಿಂದಾಗುವ ಎಲ್‌ಸಿ3 ಏರಿಕೆ ಕರುಳಿನ ಟ್ರೆಗ್‌ಗಳಲ್ಲಿ ಪಕ್ಕದ ಸಾಮಾನ್ಯ ಸಿಡಿ4 ಕೋಶಗಳಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಟಿ ಕೋಶಗಳಿಂದ ಆಟೋಫಜಿಗೆ ಬೇಕಾದ ಎಟಿಜಿ16ಎಲ್1 ವಂಶವಾಹಿಯನ್ನು ತೆಗೆದರೆ ಕರುಳಿನ ಟ್ರೆಗ್‌ಗಳು ಕುಸಿಯುತ್ತವೆ, ಉರಿಯೂತ ಶುರುವಾಗುತ್ತದೆ ಎಂದು 2016ರಲ್ಲಿ ತೋರಿಸಿದ್ದಕ್ಕೆ ಇದು ಹೊಂದುತ್ತದೆ.

ಕಳೆದ ತಿಂಗಳು ಆ ಹಿರಿಯರ ವಿದ್ಯಾರ್ಥಿಯೊಬ್ಬ ಡಿಜಿಟೋನಿನ್ ಲೆಕ್ಕ ಕೇಳಿಕೊಂಡು ಬಂದಿದ್ದ. ಕಾಫಿ ಕೊಟ್ಟು ಕಳುಹಿಸಿದೆ.