ಆಟೋಮ್ಯಾಟಿಸಂ ವಾದವನ್ನು ಕಟ್ಟುವ ಬಗೆ

ಇಂಗ್ಲೆಂಡಿನ ಕ್ರಿಮಿನಲ್ ಕಾನೂನಿನಲ್ಲಿ ಆಟೋಮ್ಯಾಟಿಸಂ, ಅಂದರೆ ಮೈಮೇಲೆ ಹಿಡಿತವೇ ಇಲ್ಲದಾಗ ನಡೆದ ಕೃತ್ಯವೆಂಬ ವಾದವನ್ನು ಮಂಡಿಸಹೊರಟವರು, ಆರೋಪಿಗೆ ಏನೂ ನೆನಪಿಲ್ಲ ಎಂಬ ಮಾತನ್ನೇ ನೆಚ್ಚಿಕೊಳ್ಳಬಾರದು. ನೆನಪಿಲ್ಲ ಎಂದಮಾತ್ರಕ್ಕೆ ಕೃತ್ಯ ಅನೈಚ್ಛಿಕವಾಗುವುದಿಲ್ಲ ಎಂದು ಬ್ರ್ಯಾಟಿ ಪ್ರಕರಣದಲ್ಲಿ ಲಾರ್ಡ್ ಡೆನ್ನಿಂಗ್ ಹೇಳಿದ್ದಾರೆ. ಹಿಡಿತ ಪೂರ್ತಿಯಾಗಿ ತಪ್ಪಿರಬೇಕು. ಹೆದ್ದಾರಿಯಲ್ಲಿ ಮಂಪರುಗವಿದಂತೆ ಲಾರಿ ಓಡಿಸಿದವನ ಅರೆಬರೆ ಎಚ್ಚರ ಇದಕ್ಕೆ ಸಾಲದು.

ಮುಂದಿನ ಪ್ರಶ್ನೆಯೇ ಇಡೀ ವಾದದ ಬುಡ: ಹಿಡಿತ ತಪ್ಪಿಸಿದ ಕಾರಣ ಹೊರಗಿನಿಂದ ಬಂದದ್ದೇ, ದೇಹದ ಒಳಗಿನದೇ? ಹೊರಗಿನದಾದರೆ ಅದು ಆಟೋಮ್ಯಾಟಿಸಂ; ಒಳಗಿನ ರೋಗವಾದರೆ ಕಾನೂನು ಅದನ್ನು ಚಿತ್ತವಿಕಲತೆ (ಇನ್‌ಸ್ಯಾನಿಟಿ) ಎಂಬ ಬೇರೆಯೇ ವಾದವಾಗಿ ಎಣಿಸುತ್ತದೆ. 1973ರ ಕ್ವಿಕ್ ಪ್ರಕರಣದಲ್ಲಿ, ಮಧುಮೇಹವಿದ್ದ ನರ್ಸ್ ಒಬ್ಬ ಇನ್ಸುಲಿನ್ ತೆಗೆದುಕೊಂಡು, ಸರಿಯಾಗಿ ಉಣ್ಣದೆ, ಮದ್ಯ ಕುಡಿದು, ರೋಗಿಯ ಮೇಲೆ ಹಲ್ಲೆ ಮಾಡಿದ್ದ. ಇದು ಚಿತ್ತವಿಕಲತೆಯ ವಾದವೆಂದು ವಿಚಾರಣಾ ನ್ಯಾಯಾಧೀಶರು ತೀರ್ಮಾನಿಸಿದ್ದರಿಂದ ಅವನು ತಪ್ಪೊಪ್ಪಿಕೊಂಡ. ಸಕ್ಕರೆ ಇಳಿಸಿದ್ದು ಹೊರಗಿನಿಂದ ಬಂದ ಇನ್ಸುಲಿನ್ ಎಂದು ಕಂಡ ಮೇಲ್ಮನವಿ ನ್ಯಾಯಾಲಯ ಶಿಕ್ಷೆಗೆ ಕಾರಣವಾದ ತೀರ್ಪನ್ನು ರದ್ದುಪಡಿಸಿತು. 1989ರ ಹೆನೆಸಿ ಪ್ರಕರಣದಲ್ಲಾದರೋ ಆರೋಪಿ ಇನ್ಸುಲಿನ್ ಬಿಟ್ಟು ಸಕ್ಕರೆ ಏರಿತ್ತು. ಏರಿಸಿದ್ದು ರೋಗವೇ ಆದ್ದರಿಂದ ಅದು ಚಿತ್ತವಿಕಲತೆಯ ಲೆಕ್ಕಕ್ಕೆ ಸೇರಿತು. ಒಂದೇ ಕಾಯಿಲೆ, ಎರಡು ಹಾದಿ! ಈ ಗೆರೆ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೂ ಗೆರೆ ಎಲ್ಲಿದೆ ಎಂದು ತಿಳಿಯದೆ ವಾದ ಕಟ್ಟುವಂತಿಲ್ಲ. ನಿದ್ದೆಯಲ್ಲಿ ನಡೆಯುವುದನ್ನೂ 1991ರ ಬರ್ಜೆಸ್ ಪ್ರಕರಣ ಒಳಗಿನ ಕಾರಣವೆಂದೇ ಎಣಿಸಿತು.

ಆದ್ದರಿಂದ ಇನ್ಸುಲಿನ್ ಚುಚ್ಚಿಕೊಂಡ ಹೊತ್ತು, ಉಂಡ ಹೊತ್ತು, ಆಂಬ್ಯುಲೆನ್ಸ್ ಸಿಬ್ಬಂದಿ ಬರೆದಿಟ್ಟ ಸಕ್ಕರೆಯ ಪ್ರಮಾಣ, ಇವುಗಳನ್ನು ಗಂಟೆಗಂಟೆಯಂತೆ ಒಂದೇ ಹಾಳೆಯಲ್ಲಿ ಜೋಡಿಸಿಕೊಂಡು ತಜ್ಞ ವೈದ್ಯರ ಮುಂದಿಡಿ. ಉಣ್ಣದಿದ್ದರೆ ತನ್ನ ನಡತೆ ಹತೋಟಿ ಮೀರಬಹುದೆಂದು ಆರೋಪಿಗೆ ಮೊದಲೇ ಗೊತ್ತಿತ್ತೇ ಎಂದೂ ಕೇಳಿ. ಗೊತ್ತಿದ್ದೂ ಅಲಕ್ಷಿಸಿದ್ದರೆ, ವಿಶೇಷ ಉದ್ದೇಶ ಬೇಕಿಲ್ಲದ, ಅಂದರೆ ಅಪಾಯ ಗೊತ್ತಿದ್ದೂ ಅಲಕ್ಷಿಸಿದ್ದಷ್ಟೇ ಸಾಕಾಗುವ ಅಪರಾಧಗಳಲ್ಲಿ ವಾದ ಬೀಳಬಹುದು ಎಂಬುದು 1983ರ ಬೈಲಿ ಪ್ರಕರಣದ ನಿಲುವು.

ರುಜುವಾತಿನ ಹೊಣೆಯೂ ಕಾರಣವನ್ನೇ ಹಿಂಬಾಲಿಸುತ್ತದೆ. ಹೊರಗಿನ ಕಾರಣವಾದರೆ, ಆರೋಪಿಯ ಕಡೆಯವರು ವಾದಕ್ಕೆ ತಕ್ಕಷ್ಟು ಸಾಕ್ಷ್ಯವನ್ನು, ಸಾಮಾನ್ಯವಾಗಿ ವೈದ್ಯಕೀಯ ಸಾಕ್ಷ್ಯವನ್ನು, ಮುಂದಿಟ್ಟ ಮೇಲೆ ಅದನ್ನು ಸಂಶಯಾತೀತವಾಗಿ ಅಲ್ಲಗಳೆಯಬೇಕಾದದ್ದು ಪ್ರಾಸಿಕ್ಯೂಷನ್. ಚಿತ್ತವಿಕಲತೆಯನ್ನಾದರೆ ಆರೋಪಿಯೇ ಸಾಬೀತುಪಡಿಸಬೇಕು. ಮೊದಲನೆಯದು ಗೆದ್ದರೆ ಪೂರ್ಣ ಖುಲಾಸೆ. ಎರಡನೆಯದು ಗೆದ್ದರೆ ಚಿತ್ತವಿಕಲತೆಯ ಕಾರಣದಿಂದ ತಪ್ಪಿತಸ್ಥನಲ್ಲ ಎಂಬ ವಿಶೇಷ ತೀರ್ಪು, ಅದರೊಂದಿಗೆ ಆಸ್ಪತ್ರೆಯ ಅಥವಾ ಮೇಲ್ವಿಚಾರಣೆಯ ಆದೇಶವೂ ಬರಬಹುದು. ಆರೋಪಿ ತಪ್ಪೊಪ್ಪಿಗೆಯ ಬಗ್ಗೆ ನಿರ್ಧರಿಸುವ ಮೊದಲೇ ಇಷ್ಟನ್ನೂ ಅವನಿಗೆ ಬಿಡಿಸಿ ಹೇಳಿ.