ಹಾರ್ಟ್ ಅಟ್ಯಾಕ್ ಆದ ಮೇಲೆ ತೂಕ ನೋಡಿಕೊಳ್ಳುವುದು ಹೇಗೆ?

ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬದಿಯಡ್ಕಕ್ಕೋ ಪೆರ್ಲಕ್ಕೋ ವಾಪಸ್ ಬಂದವರಿಗೆ ನೆಂಟರ ಉಪದೇಶ ಎರಡು ಬಗೆ. ‘ಮಾವಾ, ತುಂಬ ಇಳಿದಿದ್ದೀರಿ, ಚೆನ್ನಾಗಿ ತಿನ್ನಿ’ ಅನ್ನುವುದು ಒಂದು. ‘ಇನ್ನು ಗಂಜಿ ಬಿಟ್ಟರೆ ಏನೂ ಮುಟ್ಟಬೇಡಿ’ ಅನ್ನುವುದು ಇನ್ನೊಂದು. ಎರಡಕ್ಕೂ ತಲೆಯಾಡಿಸಿ, ಒಂದು ಟೈಲರ್ ಟೇಪು ತರಿಸಿ.

ಮೊದಲು ಹೊಟ್ಟೆಯ ಅಳತೆ

ಹೆಚ್ಚಿನ ಗಂಡಸರು ಮುಂಡು ಉಡುವಲ್ಲಿ, ಅಂದರೆ ಹೊಟ್ಟೆಯ ಕೆಳಗೆ ಟೇಪು ಹಿಡಿದು ‘34 ಇಂಚು ಅಷ್ಟೇ’ ಅನ್ನುತ್ತಾರೆ. ಅದು ಲೆಕ್ಕಕ್ಕಿಲ್ಲ. ಪಕ್ಕೆಲುಬಿನ ಕೆಳತುದಿ ಎಲ್ಲಿದೆ ಅಂತ ಬೆರಳಿನಿಂದ ಒತ್ತಿ ನೋಡಿ. ಸೊಂಟದ ಮೂಳೆಯ ಮೇಲಂಚನ್ನೂ ಹುಡುಕಿ. ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಿಮಗೇ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅದು ಅಪಾಯದ ಬೊಜ್ಜು.

ಆಮೇಲೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಅಂತ ನೋಡುವ ಲೆಕ್ಕ. ಕಿಲೋದಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.65 ಮೀಟರ್ ಎತ್ತರ, 70 ಕಿಲೋ ತೂಕ ಇದ್ದರೆ 25.7. ನಮ್ಮವರಿಗೆ 23ರಿಂದ ಮೇಲೆ ತೂಕ ಜಾಸ್ತಿ, 25ರಿಂದ ಮೇಲೆ ಬೊಜ್ಜು.

‘ದಪ್ಪ ಇದ್ದವರೇ ಅಟ್ಯಾಕ್ ಆದ ಮೇಲೆ ಜಾಸ್ತಿ ದಿನ ಬದುಕುತ್ತಾರಂತೆ, ಅಲ್ವಾ ಡಾಕ್ಟ್ರೇ?’ ಅಂತ ಕೇಳುವವರಿದ್ದಾರೆ. ಇದು ಪೂರ್ತಿ ಸುಳ್ಳಲ್ಲ. ಹಲವು ಅಧ್ಯಯನಗಳಲ್ಲಿ ಬಿಎಂಐ ತುಂಬ ಕಡಿಮೆ ಇದ್ದವರ ಪಾಡು ತುಸು ದಪ್ಪ ಇದ್ದವರಿಗಿಂತ ಕೆಟ್ಟದಾಗಿತ್ತು. ಆದರೆ ತೆಳ್ಳಗಿದ್ದವರಲ್ಲಿ ವಯಸ್ಸಾದವರು, ಬೀಡಿ ಸೇದುವವರು, ಬೇರೆ ಕಾಯಿಲೆಯಿಂದ ಸೊರಗಿದವರು ಜಾಸ್ತಿ ಇರುತ್ತಾರೆ. ಮಾಂಸ ಯಾವುದು, ಕೊಬ್ಬು ಯಾವುದು ಅಂತ ಬಿಎಂಐಗೆ ಗೊತ್ತಾಗುವುದೂ ಇಲ್ಲ. ಹೊಟ್ಟೆ ಅಳೆದಾಗ ಬೇರೆ ಕಥೆ ಹೊರಬಂತು. ಅಟ್ಯಾಕ್ ಆಗಿದ್ದ 22 ಸಾವಿರಕ್ಕೂ ಹೆಚ್ಚು ಜನರ ಮೇಲೆ ಸ್ವೀಡನ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಟ್ಟೆಯ ಬೊಜ್ಜು ಇದ್ದವರಿಗೆ ಮತ್ತೆ ಅಟ್ಯಾಕ್ ಅಥವಾ ಪಾರ್ಶ್ವವಾಯು ಬರುವ ಸಂಭವ ಜಾಸ್ತಿ ಕಂಡಿತು. ಹಾಗಾಗಿ ನನ್ನ ಮಟ್ಟಿಗೆ ತೂಕದ ಮಿಷನ್‌ಗಿಂತ ಟೇಪಿನ ಮಾತೇ ಹೆಚ್ಚು.

ಮಿಷನ್ ಬೇಕಾಗುವುದು ಇಲ್ಲಿ

ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಒಂದೇ ದಿನದಲ್ಲಿ 1 ಕಿಲೋಗಿಂತ ಜಾಸ್ತಿ, ಅಥವಾ ವಾರದೊಳಗೆ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು ಜೊತೆಗಿದ್ದರೆ ಹೃದಯದ ಪಂಪು ಸೋಲುತ್ತಿದೆ ಅಂತ ಅರ್ಥ. ಊಟ ಬಿಟ್ಟು ಇಳಿಸಲು ಹೋಗಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.

ಅಡುಗೆಮನೆಯಲ್ಲಿ

ತೆಂಗಿನಕಾಯಿ ಬಿಡಿ ಅಂದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಸರಿ, ಅರಪ್ಪಿಗೆ (ರುಬ್ಬಿದ ಮಸಾಲೆಗೆ) ಹಾಕುವ ಕಾಯಿ ಅರ್ಧ ಮಾಡಿ. ತೆಂಗಿನೆಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು, ಕೆಟ್ಟ ಕೊಲೆಸ್ಟರಾಲ್ ಏರಿಸುವ ಬಗೆಯದ್ದು. ಒಗ್ಗರಣೆಗೆ ಬೇರೆ ಎಣ್ಣೆ ಇರಲಿ, ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಬಂಗುಡೆ, ಬೂತಾಯಿ ಧಾರಾಳವಾಗಿ ತಿನ್ನಿ, ಎಣ್ಣೆಯಲ್ಲಿ ಕಾಯಿಸಿದ್ದಲ್ಲ, ಸಾರು ಮಾಡಿದ್ದು.

ಗಂಜಿ ತಿಂದರೆ ಇಳಿಯುತ್ತದೆ ಅನ್ನುವುದು ಸುಮ್ನೆ ಮಾತು. ಎರಡನೇ ಬಟ್ಟಲಿಗೆ ಅದೂ ಅನ್ನವೇ. ಅದರ ಜೊತೆಗಾರರಾದ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇನ್ನೂ ತೊಂದರೆ. ದಿನದ ಉಪ್ಪು ಎಲ್ಲ ಸೇರಿ ಒಂದು ಟೀ ಚಮಚ ಮಾತ್ರ. ನೀರಿಗೆ ಡಾಕ್ಟರು ಮಿತಿ ಹೇಳಿದ್ದರೆ ಗಂಜಿಯ ತಿಳಿ, ಮಜ್ಜಿಗೆ ಕೂಡ ಆ ಲೆಕ್ಕಕ್ಕೇ ಬರುತ್ತದೆ. ಗಂಜಿಗೆ ಬೇಯಿಸಿದ ಹೆಸರುಕಾಳು, ಬಸಳೆ ಸೇರಿಸಿ.

ನಡಿಗೆ

ಶುರುವಿಗೆ ಸಮತಟ್ಟಾದ ಜಾಗದಲ್ಲಿ 5–10 ನಿಮಿಷ. ಡಾಕ್ಟರ ಒಪ್ಪಿಗೆಯಿಂದ ನಿಧಾನವಾಗಿ ವಾರಕ್ಕೆ 150 ನಿಮಿಷದವರೆಗೆ ಏರಿಸಿ. ತೋಟಕ್ಕೆ ಇಳಿಯುವುದು ಸುಲಭ, ಗುಡ್ಡೆ ಹತ್ತಿ ವಾಪಸ್ ಬರುವುದೇ ಕಷ್ಟ. ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಬೇಡ, ಜಗಲಿಯಲ್ಲೇ ನಡೆಯಿರಿ. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತಿನ್ನುವವರು ಜಾರಿ ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ.

ಎಷ್ಟು ಇಳಿಸಬೇಕು?

ಇರುವ ತೂಕದ 5ರಿಂದ 10% ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತವೆ. ಅವಸರ ಬೇಡ. ಬೀಡಿ, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪು ಬಿಟ್ಟವರು 4–5 ಕಿಲೋ ಏರುವುದುಂಟು. ಏರಲಿ, ಬಿಟ್ಟದ್ದರ ಲಾಭ ಅದಕ್ಕಿಂತ ದೊಡ್ಡದು.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಹೃದ್ರೋಗವಿದ್ದು, ಬಿಎಂಐ 27 ಅಥವಾ ಜಾಸ್ತಿ ಇದ್ದ, ಶುಗರ್ ಇಲ್ಲದ 17,604 ಜನರ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಎಂಬ ಈ ಇಂಜೆಕ್ಷನ್ ಪಡೆದವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು, ಅಟ್ಯಾಕ್, ಪಾರ್ಶ್ವವಾಯು ಒಟ್ಟಾರೆ 20% ಕಡಿಮೆಯಾಗಿತ್ತು. ವಾಕರಿಕೆ, ವಾಂತಿ ಇದೆ, ಖರ್ಚೂ ಇದೆ. ಹೃದಯದ ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಪ್ರಯತ್ನ ಪಡದೆಯೇ ತಿಂಗಳಿಂದ ತಿಂಗಳಿಗೆ ತೂಕ ಇಳಿಯುತ್ತಿದ್ದರೆ ಅದನ್ನು ಪಥ್ಯದ ಫಲ ಅಂದುಕೊಳ್ಳಬೇಡಿ. ಶುಗರ್, ಥೈರಾಯ್ಡ್, ಮಂಕು ಕವಿದ ಮನಸ್ಸು, ಕ್ಯಾನ್ಸರ್ ಏನೂ ಇರಬಹುದು. ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ, ತೂಕ ಬರೆದ ಆ ಕ್ಯಾಲೆಂಡರ್ ಹಾಳೆಯನ್ನೂ ಮಾತ್ರೆಗಳ ಚೀಟಿಯನ್ನೂ ಒಟ್ಟಿಗೆ ತೋರಿಸಿ.